ಅಕ್ರಮ ಬಂದೂಕು ಮತ್ತು ಅಪರಾಧ: ಕೊಪ್ಪಳ ಜಿಲ್ಲೆಯಲ್ಲಿ ಅನ್ವಯವಾಗುವ ಕಾನೂನು

ಪರವಾನಗಿ ಇಲ್ಲದ ಬಂದೂಕು, ಪಿಸ್ತೂಲು, ಗುಂಡುಗಳನ್ನು ಇಟ್ಟುಕೊಳ್ಳುವುದನ್ನೂ ಅವುಗಳ ಬಲದಿಂದ ದರೋಡೆ, ಕೊಲೆ, ಮಾದಕ ವಸ್ತು ಸಾಗಣೆ ನಡೆಸುವುದನ್ನೂ ಶಿಕ್ಷಿಸುವ ಕಾನೂನುಗಳ ವಿಚಾರವಿದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಾಗಲಿ ಇಡೀ ಕರ್ನಾಟಕಕ್ಕಾಗಲಿ ಪ್ರತ್ಯೇಕ ಬಂದೂಕು ಕಾಯ್ದೆ ಇಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಶಸ್ತ್ರಾಸ್ತ್ರವು ಕೇಂದ್ರ ಪಟ್ಟಿಗೆ ಸೇರಿದೆ, ಪೊಲೀಸ್ ರಾಜ್ಯ ಪಟ್ಟಿಗೆ ಸೇರಿದೆ. ಹೀಗಾಗಿ ಕಾಯ್ದೆ ದೆಹಲಿಯದು, ಕಡತ ಕೊಪ್ಪಳದ ಜಿಲ್ಲಾಧಿಕಾರಿ ಕಚೇರಿಯದು.

ಈ ಭಾಗಕ್ಕೆ ಶಸ್ತ್ರ ಕಾನೂನಿನ ನೆನಪು ಹಳೆಯದು. ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಕಟ್ಟಳೆಯನ್ನು ಧಿಕ್ಕರಿಸಿ 1857ರಲ್ಲಿ ಹಲಗಲಿಯ ಬೇಡರು ದಂಗೆಯೆದ್ದರು. ಮರುವರ್ಷ ಮುಂಡರಗಿ ಭೀಮರಾಯ, ಹಮ್ಮಿಗೆಯ ಕೆಂಚನಗೌಡರು ಕೊಪ್ಪಳದ ಕೋಟೆ ಹಿಡಿದು ಹೋರಾಡಿ ಮಡಿದರು. 1878ರ ಶಸ್ತ್ರ ಕಾಯ್ದೆ ಬಂದದ್ದು ಅಂಥ ದಂಗೆಗಳ ಭಯದ ನೆರಳಿನಲ್ಲೇ. ಅದರ ಜಾಗಕ್ಕೆ ಬಂದ ಶಸ್ತ್ರಾಸ್ತ್ರ ಕಾಯ್ದೆ, 1959 ಜಾರಿಯಾದದ್ದು 1962ರ ಅಕ್ಟೋಬರ್ 1ರಂದು. ಆಗ ಕೊಪ್ಪಳ ರಾಯಚೂರು ಜಿಲ್ಲೆಯ ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಕಾಯ್ದೆಯ ಕಲಂ 3ರಂತೆ ಪರವಾನಗಿಯಿಲ್ಲದೆ ಬಂದೂಕು ಹೊಂದುವಂತಿಲ್ಲ. ಹಂದಿ, ಜಿಂಕೆಗಳ ಕಾಟದಿಂದ ಬೆಳೆ ಉಳಿಸಿಕೊಳ್ಳಲು ರೈತರು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಅರ್ಜಿ ಹಾಕಲು ಅವಕಾಶವುಂಟು. ಅರ್ಜಿ ಬಂದರೆ ಪೊಲೀಸ್ ವರದಿ ತರಿಸಿಕೊಳ್ಳುವುದು ಕಡ್ಡಾಯ. ಚುನಾವಣೆ ಘೋಷಣೆಯಾದೊಡನೆ ಪರವಾನಗಿದಾರರು ಸಾಮಾನ್ಯವಾಗಿ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಾಗುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಬಯಲುಸೀಮೆಗೆ ಇಲ್ಲ.

ಪರವಾನಗಿಯಿಲ್ಲದ ಬಂದೂಕು ಸಿಕ್ಕರೆ 2019ರ ತಿದ್ದುಪಡಿಯ ಪ್ರಕಾರ 2ರಿಂದ 5 ವರ್ಷ ಸಜೆ. ಮೊದಲು ಅದು 1ರಿಂದ 3 ವರ್ಷವಿತ್ತು. ನಿಷೇಧಿತ ಶಸ್ತ್ರವಾದರೆ 7ರಿಂದ 14 ವರ್ಷ. ಬಂದೂಕನ್ನು ಅಕ್ರಮವಾಗಿ ಬಳಸಿದರೆ ಕಲಂ 27ರಂತೆ 3ರಿಂದ 7 ವರ್ಷ. ಸಂಘಟಿತ ಅಪರಾಧ ಕೂಟದ ಪರವಾಗಿ ಕಾಯ್ದೆ ಮುರಿದರೆ, ಇಲ್ಲವೇ ಶಸ್ತ್ರಗಳ ಕಳ್ಳಸಾಗಣೆ ಮಾಡಿದರೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ. ಅಂಕಿಗಳು ಬಿಗಿಯಾಗಿಯೇ ಇವೆ. ಆದರೆ ಮೊಕದ್ದಮೆ ನಿಲ್ಲುವುದೂ ಬೀಳುವುದೂ ಅಂಕಿಯಿಂದಲ್ಲ, ಕಾಗದದಿಂದ. ಕಲಂ 3ರ ಉಲ್ಲಂಘನೆಗೆ ಮೊಕದ್ದಮೆ ಹೂಡಲು ಕಲಂ 39 ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಬೇಡುತ್ತದೆ. ಅದಿಲ್ಲದೆ ಆ ಆರೋಪ ಉಳಿಯದು. ಆಯುಧ ತನ್ನ ಬಳಿ ಇದೆಯೆಂಬ ಅರಿವು ಆರೋಪಿಗೆ ಇತ್ತೆಂಬುದೂ ಸಾಬೀತಾಗಬೇಕು. ಗುಣವಂತಲಾಲ್ ಪ್ರಕರಣದಲ್ಲಿ (1972) ಸುಪ್ರೀಂ ಕೋರ್ಟ್ ಇದನ್ನು ಹೇಳಿತಲ್ಲದೆ, ಬಂದೂಕು ಬೇರೊಬ್ಬನ ಕೈಯಲ್ಲಿದ್ದರೂ ಹಿಡಿತ ತನ್ನದಾಗಿದ್ದರೆ ಅದೂ ಸ್ವಾಧೀನವೇ ಎಂದಿತು.

ಅಮೆರಿಕದ ಹಲವು ರಾಜ್ಯಗಳಲ್ಲಿ ಹಿಂಸಾಕೃತ್ಯದ ವೇಳೆ ಬಂದೂಕು ಜೊತೆಗಿದ್ದರೆ ಮೂಲ ಶಿಕ್ಷೆಯ ಮೇಲೆ ಇಂತಿಷ್ಟು ವರ್ಷ ಸೇರಿಸುವ ನಿಯಮವಿದೆ. ನಮ್ಮಲ್ಲಿ ಅದು ಒಂದೆಡೆ ಇಲ್ಲ, ಚದುರಿಕೊಂಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 311ರಂತೆ ಸುಲಿಗೆ ಅಥವಾ ದರೋಡೆಯಲ್ಲಿ ಮಾರಕಾಸ್ತ್ರ ಬಳಸಿದವನಿಗೆ ಕನಿಷ್ಠ 7 ವರ್ಷ. ಅಸ್ತ್ರ ಹಿಡಿದು ಯತ್ನಿಸಿದರೂ ಕಲಂ 312ರಂತೆ ಅಷ್ಟೇ. ಹಳೆಯ ದಂಡ ಸಂಹಿತೆಯಲ್ಲಿ ಇವೇ 397, 398. ಗುಂಡು ಹಾರಿಸಲೇಬೇಕೆಂದಿಲ್ಲ; ಎದುರಿಗಿದ್ದವರು ಹೆದರುವಂತೆ ಆಯುಧ ಕಣ್ಣಿಗೆ ಬಿದ್ದರೂ ಅದು ಬಳಕೆಯೇ ಎಂದು 1975ರ ಫೂಲ್ ಕುಮಾರ್ ತೀರ್ಪು ಹೇಳುತ್ತದೆ. ಆದರೆ ಈ ಕನಿಷ್ಠ ಸಜೆ ಆಯುಧ ಬಳಸಿದವನಿಗೆ ಮಾತ್ರ, ಜೊತೆಗಾರರಿಗಲ್ಲ. ಆಟಿಕೆ ಪಿಸ್ತೂಲು ತೋರಿಸಿ ಬಂಧನ ತಪ್ಪಿಸಿಕೊಳ್ಳಲು ನೋಡಿದರೂ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 28ರಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ.

ಮಾದಕ ವಸ್ತುಗಳ ವಿಚಾರದಲ್ಲಿ ಕಾನೂನು ಹೆಚ್ಚು ಸೂಕ್ಷ್ಮ. 1985ರ ಎನ್‌ಡಿಪಿಎಸ್ ಕಾಯ್ದೆಗೆ 2001ರಲ್ಲಿ ಸೇರಿದ ಕಲಂ 32ಬಿ, ಕನಿಷ್ಠ ಶಿಕ್ಷೆಗಿಂತ ಹೆಚ್ಚು ವಿಧಿಸುವಾಗ ಆರೋಪಿ ಆಯುಧ ಬಳಸಿದನೇ, ತೋರಿಸಿ ಬೆದರಿಸಿದನೇ ಎಂಬುದನ್ನು ನ್ಯಾಯಾಲಯ ಗಮನಿಸಬಹುದೆನ್ನುತ್ತದೆ. ಕನಿಷ್ಠ ಶಿಕ್ಷೆ ಇರುವ ಕಡೆ ಮಾತ್ರ ಇದು ಅನ್ವಯ. ಗಾಂಜಾ 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ, ಶಿಕ್ಷೆ 10ರಿಂದ 20 ವರ್ಷ. ಅದಕ್ಕಿಂತ ಕಡಿಮೆಯಿದ್ದರೆ ಕನಿಷ್ಠವೆಂಬುದೇ ಇಲ್ಲ. ಐದು ಕಿಲೋ ಗಾಂಜಾದ ಜೊತೆ ನಾಡ ಪಿಸ್ತೂಲು ಸಿಕ್ಕಿತೆನ್ನಿ, 32ಬಿ ಉಪಯೋಗಕ್ಕೆ ಬಾರದು, ಪಿಸ್ತೂಲಿಗೆ ಬೇರೆಯೇ ಆರೋಪ ಹೊರಿಸಬೇಕು. ಎರಡೂ ಸಜೆಗಳು ಒಟ್ಟಿಗೆ ಸಾಗಬೇಕೋ ಒಂದರ ನಂತರ ಒಂದೋ ಎಂಬುದನ್ನು ಅಪರಾಧದ ಗಂಭೀರತೆ ನೋಡಿ ನ್ಯಾಯಾಲಯವೇ ತೀರ್ಮಾನಿಸುತ್ತದೆ.

ರಾಜ್ಯ ಶಾಸಕಾಂಗದ ಪಾತ್ರ ಕಾಣುವುದು ಎರಡು ಕಡೆ. ಜನರ ಬಾಯಲ್ಲಿ ಗೂಂಡಾ ಕಾಯ್ದೆಯಾಗಿರುವ 1985ರ ಕಾಯ್ದೆ ಮಾದಕ ವಸ್ತು ಅಪರಾಧಿಗಳನ್ನೂ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಬಂಧನದಲ್ಲಿಡಲು ಬಿಡುತ್ತದೆ. ಮಹಾರಾಷ್ಟ್ರದ ಮಾದರಿಯಲ್ಲಿ ಬಂದ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, 2000, ಅಂದರೆ ಕೋಕಾ, ಇನ್ನೊಂದು. ಇದರ ಪರೀಕ್ಷೆ ನಡೆದದ್ದು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗುಂಡಿಗೆ ಬಲಿಯಾದ ಪತ್ರಕರ್ತೆ ಗೌರಿ ಲಂಕೇಶ್ ಪ್ರಕರಣದಲ್ಲಿ. ಅಲ್ಲಿ ಬಳಕೆಯಾದ 7.65 ಮಿ.ಮೀ. ನಾಡ ಪಿಸ್ತೂಲೇ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದೆಂದು ತನಿಖಾ ತಂಡ ವಿಧಿವಿಜ್ಞಾನ ವರದಿಯ ಆಧಾರದಲ್ಲಿ ಹೇಳಿತು. ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು ಹೈಕೋರ್ಟ್ 2021ರಲ್ಲಿ ರದ್ದುಪಡಿಸಿದಾಗ ಗೌರಿಯವರ ಸಹೋದರಿ ಕವಿತಾ ಲಂಕೇಶ್ ಮೇಲ್ಮನವಿ ಹೋದರು. ಕೋಕಾ ಹೂಡಲು ಬೇಕಾದ ಪೂರ್ವಾನುಮತಿಯ ಹಂತದಲ್ಲಿ ನೋಡಬೇಕಾದದ್ದು ಸಂಘಟಿತ ಅಪರಾಧ ನಡೆದಿದೆಯೇ ಎಂಬುದನ್ನೇ ಹೊರತು ಪ್ರತಿ ಆರೋಪಿಯ ಪಾತ್ರವನ್ನಲ್ಲ ಎಂದು ಅದೇ ವರ್ಷದ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತು ಆರೋಪವನ್ನು ಮತ್ತೆ ಊರ್ಜಿತಗೊಳಿಸಿತು.