ರೋಗಿಯ ಕೂಲಿ: ನಂಜನಗೂಡು–ತಿರುಮಕೂಡಲು ಸೀಮೆಯ ಚಿಕಿತ್ಸಾಚರಿತ್ರೆಯ ಒಂದು ಅಧ್ಯಾಯ

ಕಪಿಲಾನದಿಯ ದಡದ ನಂಜನಗೂಡು, ಆಸ್ಪತ್ರೆಗಳೆಂಬುವು ಈ ಸೀಮೆಯಲ್ಲಿ ತಲೆದೋರುವುದಕ್ಕೆ ಬಹುಪೂರ್ವದಲ್ಲಿಯೇ ರೋಗಿಗಳ ಊರಾಗಿದ್ದಿತು. ಹೊಳೆಯಲ್ಲಿ ಮಿಂದು, ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಉರುಳುಸೇವೆ ಮಾಡಿ, ಮುಡಿಯೊಪ್ಪಿಸಿ, ಬೇನೆ ನೀಗಲೆಂದು ದೇವರ ಮೊರೆಹೊಕ್ಕವರ ಪರಂಪರೆ ದೀರ್ಘವಾದುದು. ತನ್ನ ಆನೆಯ ಕಣ್ಣುಬೇನೆ ವಾಸಿಯಾದುದಕ್ಕಾಗಿ ಟೀಪೂ ಸುಲ್ತಾನನು ಈ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಸಮರ್ಪಿಸಿದನೆಂಬ ಪ್ರತೀತಿಯು, ಆ ಆಶ್ರಯವು ಮತಭೇದವನ್ನು ಮೀರಿದುದೆಂಬುದಕ್ಕೆ ಸಾಕ್ಷಿಯಾಗಿ ಇಂದಿಗೂ ಜನರ ಬಾಯಲ್ಲಿದೆ. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ವಿದ್ಯಾಲಯವು ಸ್ಥಾಪಿತವಾದ ಬಳಿಕ, 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ತೆರೆದು, ಮುಂದೆ ‘ನಂಜನಗೂಡು ಹಲ್ಲುಪುಡಿ’ಯ ಮೂಲಕ ಊರಿನ ಹೆಸರನ್ನು ಕನ್ನಡನಾಡಿನ ಮನೆಮನೆಗೂ ಮುಟ್ಟಿಸಿದರು. ಅಲ್ಪಬೆಲೆಗೆ ಔಷಧವು ಬಡವನ ಕೈಸೇರಬೇಕೆಂಬ ವಿಚಾರವು ಈ ನೆಲಕ್ಕೆ ಹೊರಗಿನಿಂದ ಬಂದುದಲ್ಲ.

ಮೈಸೂರು ಸಂಸ್ಥಾನದ ವೈದ್ಯಕೀಯ ಸಾಧನೆಗಳನ್ನು ನಾವು ಅಭಿಮಾನದಿಂದ ಸ್ಮರಿಸುವುದುಂಟು, ಸ್ಮರಿಸತಕ್ಕದ್ದೇ. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1927ರ ಹೊತ್ತಿಗೆ ಪೂರ್ಣಗೊಂಡು ಜನರ ನುಡಿಯಲ್ಲಿ ‘ದೊಡ್ಡಾಸ್ಪತ್ರೆ’ಯೆನಿಸಿದ ಕೃಷ್ಣರಾಜೇಂದ್ರ ಆಸ್ಪತ್ರೆ, 1930ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜು, ಅದೇ ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಹೊರಟ, ಲೋಕದಲ್ಲಿ ಮೊದಲನೆಯದೆನ್ನಬಹುದಾದ ಸರ್ಕಾರಿ ಆಜ್ಞೆ, ಇವೆಲ್ಲವೂ ಒಂದು ತಲೆಮಾರಿನ ಅವಧಿಯಲ್ಲಿ ಆದುವು. ಆದರೆ ಇವು ಬಹುಮಟ್ಟಿಗೆ ರಾಜಧಾನಿಯ ಸಂಸ್ಥೆಗಳು. ಹುಲ್ಲಹಳ್ಳಿಯ ನಾಲೆಯ ಕೆಳಗೆ, ತಲಕಾಡಿನ ಮಾಧವಮಂತ್ರಿ ಅಣೆಕಟ್ಟಿನ ಕಾಲುವೆಯ ಬಯಲಿನಲ್ಲಿ ನಾಟಿ ಮಾಡುತ್ತಿದ್ದವನಿಗೆ ಚಳಿಜ್ವರ ಬಂದರೆ ಮೈಸೂರೆಂಬುದು ಒಂದಿಡೀ ದಿನದ ಪ್ರಯಾಣವಾಗಿದ್ದಿತು.

1946ರಲ್ಲಿ, ಭಾರತದ ಆರೋಗ್ಯವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯು, ಹಣವಿಲ್ಲವೆಂಬ ಕಾರಣದಿಂದ ಯಾವನೊಬ್ಬನೂ ಚಿಕಿತ್ಸೆಯಿಂದ ವಂಚಿತನಾಗಲಾಗದೆಂಬ ತತ್ತ್ವವನ್ನು ಮುಂದಿಟ್ಟಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯಾಭಿವೃದ್ಧಿ ಯೋಜನೆಯ ಬೆನ್ನಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಕೇಂದ್ರಗಳೇನೋ ಬಂದವು, ವೈದ್ಯರು ನಿಲ್ಲಲಿಲ್ಲ, ಔಷಧ ಸಾಲಲಿಲ್ಲ, ಹೊರಗೆ ತರುವಂತೆ ಚೀಟಿ ಬರೆದುಕೊಡುವ ವಾಡಿಕೆ ಬೆಳೆಯಿತು. ಈ ದೌರ್ಬಲ್ಯಕ್ಕೆ ಪ್ರತಿಯಾಗಿ ನೆರೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಕೇಂದ್ರವನ್ನು 1996ರಲ್ಲಿ, ಆ ತಾಲ್ಲೂಕು ಇನ್ನೂ ಮೈಸೂರು ಜಿಲ್ಲೆಯಲ್ಲಿದ್ದಾಗಲೇ, ಸರ್ಕಾರವು ಡಾ. ಎಚ್. ಸುದರ್ಶನರ ಕರುಣಾ ಟ್ರಸ್ಟಿನ ನಿರ್ವಹಣೆಗೆ ಒಪ್ಪಿಸಿತು. ಅದೇ ಸುದರ್ಶನರ ಅಧ್ಯಕ್ಷತೆಯಲ್ಲಿ 1999ರಲ್ಲಿ ನೇಮಕಗೊಂಡು, 2001ರಲ್ಲಿ ವರದಿಯನ್ನೊಪ್ಪಿಸಿದ ಕಾರ್ಯಪಡೆಯು ಇಡೀ ರಾಜ್ಯದ ಆರೋಗ್ಯವ್ಯವಸ್ಥೆಯನ್ನು ಪರಾಮರ್ಶಿಸಿತು.

ಈ ಲೇಖನದ ಮುಖ್ಯ ಲಕ್ಷ್ಯವು 2002ರಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿಯೂ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿಯೂ ಆರಂಭವಾದ ಸಮುದಾಯ ಆರೋಗ್ಯ ವಿಮೆಯ ಪ್ರಯೋಗದತ್ತ ಇದೆ. ಸಂಯುಕ್ತ ರಾಷ್ಟ್ರಸಂಘದ ಅಭಿವೃದ್ಧಿ ಕಾರ್ಯಕ್ರಮದ ನೆರವು, ನ್ಯಾಷನಲ್ ಇನ್ಶೂರೆನ್ಸ್ ಕಂಪೆನಿಯ ವಿಮೆ, ಕರುಣಾ ಟ್ರಸ್ಟಿನ ಸಂಘಟನೆ, ಈ ಮೂರೂ ಅದರಲ್ಲಿ ಕೂಡಿದ್ದವು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದ ಸದಸ್ಯನಿಗೆ ದಿನಕ್ಕೆ 100 ರೂಪಾಯಿ ದೊರೆಯುತ್ತಿದ್ದಿತು: ಅದರಲ್ಲಿ 50 ರೂಪಾಯಿ ಆಸ್ಪತ್ರೆಯಲ್ಲಿಲ್ಲದ ಔಷಧಕ್ಕೆ, ಉಳಿದ 50 ರೂಪಾಯಿ ಅವನು ಕಳೆದುಕೊಂಡ ಕೂಲಿಗೆ, ಇದು ವರ್ಷಕ್ಕೆ 25 ದಿನಗಳ ಮಿತಿಗೆ ಒಳಪಟ್ಟಿದ್ದಿತು. ಸದಸ್ಯನ ವಾರ್ಷಿಕ ಕಂತು ಒಂದು ದಿನದ ಕೂಲಿಯನ್ನೂ ಮುಟ್ಟುತ್ತಿರಲಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗಗಳ ಕಡುಬಡವರ ಕಂತನ್ನು ಸಹಾಯಧನವೇ ಭರಿಸುತ್ತಿದ್ದಿತು.

ಆ ಎರಡನೆಯ 50 ರೂಪಾಯಿಯನ್ನು ನಾನು ನಮ್ಮ ಆರೋಗ್ಯನೀತಿಯ ಚರಿತ್ರೆಯಲ್ಲಿ ಅತ್ಯಂತ ವಿವೇಕಯುತವಾದ ವೆಚ್ಚಗಳಲ್ಲೊಂದೆಂದು ಭಾವಿಸುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆಗೆ ಬಾಡಿಗೆಯಿಲ್ಲದಿದ್ದರೂ ಬಡವನು ಅಲ್ಲಿಗೆ ಹೋಗಲು ಏಕೆ ಹಿಂಜರಿಯುತ್ತಾನೆಂಬ ಪ್ರಶ್ನೆಗೆ, ಅವನು ಮಲಗಿದ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂಬ ಉತ್ತರವನ್ನು ಆ ಯೋಜನೆಯು ಲೆಕ್ಕದ ಪುಸ್ತಕದೊಳಕ್ಕೆ ತಂದಿತು. ವಿಚಾರವೇನೂ ನವೀನವಲ್ಲ. 1883ರಲ್ಲಿ ಬಿಸ್ಮಾರ್ಕನ ಜರ್ಮನಿಯು ರಚಿಸಿದ ರೋಗವಿಮಾ ಶಾಸನದಲ್ಲಿಯೇ ಔಷಧೋಪಚಾರದೊಡನೆ ಕೂಲಿಯ ಭಾಗಶಃ ಪರಿಹಾರವೂ ಸೇರಿದ್ದಿತು. ನಮ್ಮದೇ 1948ರ ಕಾರ್ಮಿಕ ರಾಜ್ಯ ವಿಮಾ ಶಾಸನದಿಂದ ಮೊದಲಾದ ವಿಮಾ ವ್ಯವಸ್ಥೆಯಲ್ಲಿ ಅನಾರೋಗ್ಯದ ಕಾಲದಲ್ಲಿ ವೇತನದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಕೊಡುವ ಏರ್ಪಾಡಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ವಿಮಾದಾರ ಕಾರ್ಮಿಕನಿಗೆ ಲಭಿಸುವ ಈ ಹಕ್ಕು, ಅದೇ ತಾಲ್ಲೂಕಿನ ಗದ್ದೆಯಲ್ಲಿ ಕಳೆ ಕೀಳುವ ಹೆಣ್ಣಾಳಿಗೆ ಏಕೆ ಸಲ್ಲದೆಂಬುದಕ್ಕೆ ನ್ಯಾಯವಾದ ಉತ್ತರವನ್ನು ನಾನು ಕಾಣೆ.

ತರುವಾಯದ ಯೋಜನೆಗಳು ಬೇರೆ ದಾರಿಯನ್ನು ಹಿಡಿದವು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿಯು, ತಲೆಗೆ ವರ್ಷಕ್ಕೆ 60 ರೂಪಾಯಿಯ ಕಂತಿನಿಂದ, ಕನಸಿನಲ್ಲಿಯೂ ಕೈಗೆಟುಕದಿದ್ದ ಶಸ್ತ್ರಚಿಕಿತ್ಸೆಗಳನ್ನು ರೈತರಿಗೆ ಒದಗಿಸಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀಯೂ, 2018ರಲ್ಲಿ ಆರೋಗ್ಯ ಕರ್ನಾಟಕವೂ ಬಂದು, ಅದು ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಸೇರಿ, ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆಯನ್ನು ಕೊಟ್ಟಿತು. ಇವುಗಳಿಂದ ಉಳಿದ ಪ್ರಾಣಗಳನ್ನು ನೆನೆದರೆ ಕೃತಜ್ಞತೆಯಲ್ಲದೆ ಬೇರೆ ಮಾತು ಬಾರದು. ಆದರೆ ಇವುಗಳ ಹಣವು ಆಸ್ಪತ್ರೆಗೆ ಸಲ್ಲುತ್ತದೆ. ರೋಗಿಯ ಕೈಗೆ ಆ ದಿನದ ಅಕ್ಕಿಗೆಂದು ಕಾಸೂ ಬರುವುದಿಲ್ಲ.

ನರಸೀಪುರದ ಪ್ರಯೋಗವನ್ನು ನಿರ್ದೋಷವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಹೊರಗಿನ ಸಹಾಯಧನವನ್ನು ಅವಲಂಬಿಸಿ ನಿಂತ ಸದಸ್ಯತ್ವಕ್ಕೆ ಸ್ಥಿರತೆ ಬರುವುದು ದುಸ್ತರ. ಅದಕ್ಕಿಂತ ಮುಖ್ಯವಾಗಿ, ಆ ಲೆಕ್ಕವು ಮಲಗಿದವನ ಕೂಲಿಯನ್ನು ಮಾತ್ರ ಎಣಿಸಿತು. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಮಂಚದ ಬಳಿ ನೆಲದ ಮೇಲೆ ಚಾಪೆ ಹಾಸಿಕೊಂಡು, ಗಂಜಿ ತಂದು, ಔಷಧದಂಗಡಿಗೆ ಓಡಾಡುವ ಹೆಂಡತಿಯ ಅಥವಾ ತಾಯಿಯ ದಿನಗೂಲಿಯೂ ಅಷ್ಟೇ ನಿಶ್ಚಿತವಾಗಿ ನಷ್ಟವಾಗುತ್ತದೆ. ಮುಂದೆ ಇಂಥ ಯೋಜನೆಯನ್ನು ರಚಿಸುವವರು ಒಂದು ಹಾಸಿಗೆಗೆ ಎರಡು ಕೂಲಿಯನ್ನು ಎಣಿಸಬೇಕಾಗುತ್ತದೆ.