ಚಳಿಗಾಲದ ಉರುವಲು: ರೂಢಿಯ ಹಕ್ಕಿನಿಂದ ಸರ್ಕಾರದ ನೆರವಿನವರೆಗೆ

ಜಾನಪದ ಅಧ್ಯಯನದಲ್ಲಿ ಉರುವಲು ಹೆಚ್ಚು ಗಮನಕ್ಕೆ ಬಾರದ ವಸ್ತು. ಆಹಾರ, ಉಡುಗೆ, ವಸತಿಗಳ ಬಗ್ಗೆ ವಿಪುಲವಾದ ಸಂಗ್ರಹಕಾರ್ಯ ನಡೆದಿದೆ. ಇವೆಲ್ಲಕ್ಕೂ ಆಧಾರವಾದ ಬೆಂಕಿಯನ್ನು ಬಡವರು ಎಲ್ಲಿಂದ, ಯಾವ ಹಕ್ಕಿನಿಂದ ಪಡೆಯುತ್ತಿದ್ದರು ಎಂಬ ಪ್ರಶ್ನೆ ಬಹುಮಟ್ಟಿಗೆ ಹಿನ್ನೆಲೆಯಲ್ಲಿಯೇ ಉಳಿದಿದೆ. ಕರ್ನಾಟಕದಲ್ಲಿ ಸೌದೆಯ ಮುಖ್ಯ ಬಳಕೆ ಅಡುಗೆಯ ಒಲೆಗೆ ಮತ್ತು ಬಚ್ಚಲೊಲೆಗೆ. ಮಲೆನಾಡಿನ ಮಳೆಗಾಲದಲ್ಲಿ ಅಗ್ಗಿಷ್ಟಿಕೆಯ ಮುಂದೆ ಮೈ ಕಾಯಿಸಿಕೊಳ್ಳುವ ರೂಢಿಯಿದ್ದರೂ ಮನೆಯನ್ನು ಬೆಚ್ಚಗಿಡುವ ಖರ್ಚು ಸಂಸಾರದ ಲೆಕ್ಕದಲ್ಲಿ ಪ್ರತ್ಯೇಕವಾಗಿ ಬರುವುದಿಲ್ಲ. ಶೀತವಲಯದ ದೇಶಗಳ ಸ್ಥಿತಿ ಬೇರೆ. ಅಲ್ಲಿ ವರ್ಷದ ನಾಲ್ಕೈದು ತಿಂಗಳು ಮನೆಯನ್ನು ಕಾಯಿಸದೆ ಬದುಕುವಂತಿಲ್ಲ. ವೃದ್ಧರು, ಎಳೆಯ ಮಕ್ಕಳು ಮತ್ತು ರೋಗಿಗಳ ಪಾಲಿಗೆ ಇದು ಜೀವನ್ಮರಣದ ಪ್ರಶ್ನೆ. ಈ ಖರ್ಚನ್ನು ಭರಿಸಲಾರದ ಕುಟುಂಬಗಳಿಗೆ ಪ್ರಭುತ್ವಗಳು ನೀಡುತ್ತ ಬಂದಿರುವ ನೆರವನ್ನು, ಮುಖ್ಯವಾಗಿ ಬ್ರಿಟನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಂದರ್ಭದಲ್ಲಿ, ತೌಲನಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸನದು ಮತ್ತು ಸೌದೆ

ಇಂಗ್ಲೆಂಡಿನಲ್ಲಿ ಬಡವರ ಉರುವಲಿನ ಪ್ರಶ್ನೆ ಲಿಖಿತ ಕಾನೂನಿನೊಳಗೆ ಬಂದದ್ದು ಬಹಳ ಹಿಂದೆ. ಬಾಲಕನಾಗಿದ್ದ ಮೂರನೆಯ ಹೆನ್ರಿಯ ಹೆಸರಿನಲ್ಲಿ 1217ರ ನವೆಂಬರಿನಲ್ಲಿ ಅರಣ್ಯ ಸನದು ಹೊರಟಿತು. ರಾಜನ ಬೇಟೆಯ ಕಾಡುಗಳ ಕಟ್ಟುನಿಟ್ಟನ್ನು ಅದು ಸಡಿಲಿಸಿತು. ಅದೇ ವರ್ಷ ಮರುಪ್ರಕಟವಾದ ಮಹಾಸನದಿನಲ್ಲಿ ವಿಧವೆಗೆ ಊರೊಟ್ಟಿನ ನೆಲದಿಂದ ಯುಕ್ತ ಪ್ರಮಾಣದ 'ಎಸ್ಟೋವರ್ಸ್' ದೊರೆಯಬೇಕೆಂಬ ಮಾತು ಸೇರಿತು. ಉರುವಲಿಗೆ, ಮನೆಯ ದುರಸ್ತಿಗೆ, ಬೇಸಾಯದ ಉಪಕರಣಗಳಿಗೆ ಬೇಕಾದ ಮರವನ್ನು ತೆಗೆದುಕೊಳ್ಳುವ ಹಕ್ಕಿಗೆ ಈ ಹೆಸರು. ಜೌಗುನೆಲದಿಂದ ಉರುವಲು ಹೆಂಟೆಯನ್ನು ಕಡಿದೊಯ್ಯುವ ಹಕ್ಕಿಗೆ 'ಟರ್ಬರಿ' ಎಂಬ ಪ್ರತ್ಯೇಕ ಹೆಸರಿತ್ತು. ಮರವನ್ನು ಬುಡಸಹಿತ ಕಡಿಯದೆ, ಕುರಿಗಾಹಿಯ ಕೊಕ್ಕೆಗೋಲಿಗೂ ಕುಡುಗೋಲಿಗೂ ಎಟುಕಿದಷ್ಟು ಒಣಕೊಂಬೆಯನ್ನು ಮಾತ್ರ ತೆಗೆಯಬಹುದೆಂಬ ಕಟ್ಟುಪಾಡಿನಿಂದ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟು ಹುಟ್ಟಿತೆಂದು ಜನರು ವಿವರಿಸುತ್ತಾರೆ. ಈ ನಿಷ್ಪತ್ತಿಯನ್ನು ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಆದರೂ ದೋಟಿಗೆ ಸಿಕ್ಕಷ್ಟು ಸೌದೆ ಬಡವನದು ಎಂಬ ಜನಪದದ ನ್ಯಾಯಕಲ್ಪನೆಯನ್ನು ಅದು ಉಳಿಸಿಕೊಂಡಿದೆ.

ಕನ್ನಡ ನಾಡಿನಲ್ಲಿಯೂ ಇದಕ್ಕೆ ಸಮೀಪದ ವ್ಯವಸ್ಥೆಗಳಿದ್ದವು. ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳು ಇದಕ್ಕೆ ನಿದರ್ಶನ. ಇವು ಸಾಗುವಳಿ ಭೂಮಿಗೆ ಹೊಂದಿಕೊಂಡ ಸೊಪ್ಪು, ಸೌದೆ, ಮೇವುಗಳ ಸವಲತ್ತುಗಳು. ಗದ್ದೆಯೋ ತೋಟವೋ ಇದ್ದವನಿಗೆ ಇವು ದಕ್ಕುತ್ತಿದ್ದವು. ಭೂಮಿಯಿಲ್ಲದವನಿಗೆ ದಾಖಲೆಯ ಹಕ್ಕು ಇರಲಿಲ್ಲ. ಅವನು ತರುತ್ತಿದ್ದ ಹೊರೆ ಸೌದೆ ಊರಿನ ಒಡಂಬಡಿಕೆಯ ಮೇಲೆ ನಿಂತಿತ್ತು. ಇಂಗ್ಲೆಂಡಿನಲ್ಲಿಯೂ ಹೆಚ್ಚಿನ ಕಡೆ ಹಕ್ಕು ಹಿಡುವಳಿಗೆ ಅಥವಾ ನಿರ್ದಿಷ್ಟ ಮನೆಗೆ ಅಂಟಿಕೊಂಡಿತ್ತು. ನಿರ್ಗತಿಕರು ರೂಢಿಯ ಬಲದಿಂದ ಮಾತ್ರ ಸೌದೆ ಆಯುತ್ತಿದ್ದರು. ಈ ವ್ಯತ್ಯಾಸದ ಪರಿಣಾಮ ಭೂಆವರಣದ ಕಾಲದಲ್ಲಿ ಗೋಚರಿಸಿತು.

ಭೂಆವರಣ ಮತ್ತು ಉರುವಲು ಹಂಚಿಕೆಯ ನೆಲ

ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಬ್ರಿಟಿಷ್ ಸಂಸತ್ತು ಊರೊಟ್ಟಿನ ನೆಲಗಳನ್ನು ಖಾಸಗಿ ಹಿಡುವಳಿಗಳಾಗಿ ಮಾರ್ಪಡಿಸುವ ಸಾವಿರಾರು ಶಾಸನಗಳನ್ನು ಅಂಗೀಕರಿಸಿತು. ದಾಖಲೆಯ ಹಕ್ಕುಳ್ಳವರಿಗೆ ಪರಿಹಾರವಾಗಿ ಭೂಮಿಯ ತುಂಡು ದೊರೆಯಿತು. ರೂಢಿಯನ್ನು ಮಾತ್ರ ನಂಬಿದ್ದವರಿಗೆ ವೈಯಕ್ತಿಕವಾಗಿ ಏನೂ ದೊರೆಯಲಿಲ್ಲ. ಅವರಿಗೆ ಬದಲಿಯಾಗಿ ಕೆಲವು ಊರುಗಳಲ್ಲಿ 'ಉರುವಲು ಹಂಚಿಕೆಯ ನೆಲ' ಎಂಬ ಸಣ್ಣ ಭಾಗವನ್ನು ತೆಗೆದಿರಿಸಲಾಯಿತು. ಅದರ ಆಡಳಿತ ಪಾದ್ರಿ, ಚರ್ಚಿನ ಮುಖಂಡರು ಮತ್ತು ಬಡವರ ಮೇಲ್ವಿಚಾರಕರ ಕೈಗೆ ಹೋಯಿತು. ಕ್ರಮೇಣ ಈ ನೆಲವನ್ನು ಗೇಣಿಗೆ ಕೊಟ್ಟು, ಬಂದ ಹಣದಿಂದ ಕಲ್ಲಿದ್ದಲು ಕೊಂಡು ಹಂಚುವ ಪದ್ಧತಿ ಬೆಳೆಯಿತು. ಲಂಡನ್ನಿನ ಪಶ್ಚಿಮದ ಹ್ಯಾಂಪ್ಟನ್ನಿನಲ್ಲಿ 1811ರ ಶಾಸನದಿಂದ ಮೀಸಲಾದ ಇಂಥ ನೆಲವನ್ನು 1988ರಲ್ಲಿ ಭಾರಿ ಬೆಲೆಗೆ ಮಾರಲಾಯಿತು. ಆ ಹಣದಿಂದ ಬೆಳೆದ ದತ್ತಿ ಇಂದಿಗೂ ಆ ಪ್ರದೇಶದ ಬಡ ಕುಟುಂಬಗಳಿಗೆ ಇಂಧನ ನೆರವು ನೀಡುತ್ತಿದೆ.

ಇಲ್ಲಿ ನಡೆದ ಪಲ್ಲಟವನ್ನು ಗುರುತಿಸಬೇಕು. ಮೊದಲು ಬಡ ಹೆಂಗಸು ತಾನೇ ಕಾಡಿಗೆ ಹೋಗಿ, ತನಗೆ ಬೇಕಾದಾಗ, ಬೇಕಾದಷ್ಟು ಸೌದೆ ತರುತ್ತಿದ್ದಳು. ಅನಂತರ ಆಕೆ ಒಂದು ನಿಗದಿತ ದಿನ, ಇನ್ನೊಬ್ಬರು ನಿರ್ಧರಿಸಿದಷ್ಟು ಇದ್ದಲಿಗಾಗಿ ಕಾಯಬೇಕಾಯಿತು. ಆಕೆ ಅರ್ಹಳೇ, ನಡತೆ ಸರಿಯಿದೆಯೇ, ಆ ಊರಿನವಳೇ ಎಂಬ ವಿಚಾರಣೆಯೂ ಜೊತೆಗೆ ಬಂದಿತು. ಜರ್ಮನಿಯ ರೈನ್ ಪ್ರಾಂತ್ಯದಲ್ಲಿ ಇದೇ ಪ್ರಕ್ರಿಯೆ ಇನ್ನಷ್ಟು ಕಠೋರವಾಯಿತು. ಬಿದ್ದ ಸೌದೆ ಆಯುವುದನ್ನೂ ಕಳವೆಂದು ಪರಿಗಣಿಸುವ ಶಾಸನದ ಚರ್ಚೆಯ ಬಗ್ಗೆ ಕಾರ್ಲ್ ಮಾರ್ಕ್ಸ್ 1842ರಲ್ಲಿ ಪತ್ರಿಕಾ ಲೇಖನಗಳನ್ನು ಬರೆದರು.

ಕೇಳುವ ಆಚರಣೆ

ಇಂಗ್ಲೆಂಡಿನ ಗ್ರಾಮಗಳಲ್ಲಿ ಡಿಸೆಂಬರ್ 21ರ ಸಂತ ಥಾಮಸನ ದಿನ ಬಡ ಹೆಂಗಸರು, ವಿಶೇಷವಾಗಿ ವಿಧವೆಯರು, ಮನೆಮನೆಗೆ ಹೋಗಿ ಗೋಧಿ, ಹಣ ಮೊದಲಾದವನ್ನು ಕೇಳುವ ಆಚರಣೆಯಿತ್ತು. ಇದಕ್ಕೆ 'ಥಾಮಸಿಂಗ್', 'ಗುಡಿಂಗ್' ಮುಂತಾದ ಪ್ರಾದೇಶಿಕ ಹೆಸರುಗಳಿದ್ದವು. ಪಡೆದವರು ಪ್ರತಿಯಾಗಿ ಹಾಲಿ ಗಿಡದ ಅಥವಾ ಮಿಸಲ್ಟೋ ಬಂದಳಿಕೆಯ ಎಸಳೊಂದನ್ನು ಕೊಡುತ್ತಿದ್ದರು. ಅನೇಕ ಊರುಗಳ ದತ್ತಿ ಕಲ್ಲಿದ್ದಲು ಹಂಚಿಕೆಯೂ ಇದೇ ದಿನ ನಡೆಯುತ್ತಿತ್ತು. ಒಂದು ಎಸಳಿನ ಪ್ರತಿದಾನವು ಬೇಡುವ ಕ್ರಿಯೆಯನ್ನು ವಿನಿಮಯವನ್ನಾಗಿ ಮಾಡುತ್ತದೆ. ಕೇಳುವವಳ ಮಾನ ಉಳಿಯುತ್ತದೆ. ಸುಗ್ಗಿಯ ಕಣದಲ್ಲಿ ಆಯಗಾರರು ಪಡೆಯುತ್ತಿದ್ದ ಆಯಕ್ಕೂ ಭಿಕ್ಷೆಗೂ ಕನ್ನಡ ಗ್ರಾಮಸಮಾಜ ಮಾಡುತ್ತಿದ್ದ ವ್ಯತ್ಯಾಸವನ್ನು ಇಲ್ಲಿ ನೆನೆಯಬಹುದು. ಕಾಮನ ಹಬ್ಬದಲ್ಲಿ ಹುಡುಗರು ಸೌದೆ, ಕುಳ್ಳುಗಳನ್ನು ಕೇಳಿ ಪಡೆಯುವುದನ್ನೂ ಕದ್ದೊಯ್ಯುವುದನ್ನೂ ಊರು ಒಪ್ಪಿಕೊಳ್ಳುವುದರಲ್ಲಿಯೂ ಉರುವಲಿನ ಮೇಲೆ ಸಮುದಾಯಕ್ಕಿರುವ ಪಾಲಿನ ಕುರುಹನ್ನು ಕಾಣಬಹುದು.

ಬ್ರಿಟನ್ನಿನ ಯೋಜನೆಗಳು

1834ರ ಬಡವರ ಕಾನೂನು ತಿದ್ದುಪಡಿಯು ನೆರವು ಕೇಳುವುದನ್ನೇ ಅವಮಾನದ ಸಂಗತಿಯನ್ನಾಗಿ ಮಾಡಿತು. ಆ ವ್ಯವಸ್ಥೆ 1948ರಲ್ಲಿ ಕೊನೆಗೊಂಡಿತಾದರೂ ಅದರ ನೆನಪು ವೃದ್ಧರಲ್ಲಿ ಬಹುಕಾಲ ಉಳಿಯಿತು. ಮುಂದೆ ಅಗತ್ಯವುಳ್ಳವರ ವಾರದ ಭತ್ಯೆಗೆ ತಾಪನದ ಹೆಚ್ಚುವರಿ ಮೊತ್ತವನ್ನು ಸೇರಿಸುವ ಕ್ರಮವಿತ್ತು. 1988ರ ಏಪ್ರಿಲ್ ತಿಂಗಳಲ್ಲಿ ಅದು ರದ್ದಾಯಿತು. ಸಾಮಾಜಿಕ ನಿಧಿಯಡಿ 'ಶೀತಹವೆ ಭತ್ಯೆ' ಬಂದಿತು. ಒಂದು ಪ್ರದೇಶಕ್ಕೆ ಗೊತ್ತುಪಡಿಸಿದ ಹವಾಮಾನ ಕೇಂದ್ರದಲ್ಲಿ ಸತತ ಏಳು ದಿನಗಳ ಸರಾಸರಿ ಉಷ್ಣಾಂಶ ಶೂನ್ಯ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯಾದರೆ ಅರ್ಹ ಬಡ ಕುಟುಂಬಗಳಿಗೆ ಹಣ ಸಂದಾಯವಾಗುತ್ತದೆ. 2008ರಿಂದ ಈ ಮೊತ್ತ ವಾರಕ್ಕೆ 25 ಪೌಂಡ್. ಚಳಿಯನ್ನು ಅಳೆಯುವುದು ಮನೆಯೊಳಗಲ್ಲ, ದೂರದ ಕೇಂದ್ರದಲ್ಲಿ. ಒಂದು ಡಿಗ್ರಿಯ ಚಳಿಯಲ್ಲಿ ತಿಂಗಳು ಕಳೆದ ವೃದ್ಧೆಗೆ ಏನೂ ಸಿಗುವುದಿಲ್ಲ. ಸ್ಕಾಟ್ಲೆಂಡ್ 2023ರಲ್ಲಿ ಈ ಮಾನದಂಡವನ್ನು ಕೈಬಿಟ್ಟು, ಹವೆ ಹೇಗಿದ್ದರೂ ವರ್ಷಕ್ಕೊಮ್ಮೆ ನಿಗದಿತ ಮೊತ್ತ ನೀಡುವ ಕ್ರಮಕ್ಕೆ ತಿರುಗಿತು.

1997ರಲ್ಲಿ ಹಣಕಾಸು ಸಚಿವ ಗಾರ್ಡನ್ ಬ್ರೌನ್ 'ಚಳಿಗಾಲದ ಇಂಧನ ಭತ್ಯೆ'ಯನ್ನು ಜಾರಿಗೆ ತಂದರು. ಆರಂಭದಲ್ಲಿ ಸಾಮಾನ್ಯ ಪಿಂಚಣಿದಾರರ ಕುಟುಂಬಕ್ಕೆ 20 ಪೌಂಡ್, ಆದಾಯ ಬೆಂಬಲ ಪಡೆಯುವ ಬಡ ಪಿಂಚಣಿದಾರರಿಗೆ 50 ಪೌಂಡ್ ಸಿಗುತ್ತಿತ್ತು. 2000ದ ವೇಳೆಗೆ ಮೊತ್ತ 200 ಪೌಂಡಿಗೇರಿತು. 2003ರಿಂದ 80 ದಾಟಿದವರಿರುವ ಕುಟುಂಬಕ್ಕೆ 300 ಪೌಂಡ್ ದೊರೆಯತೊಡಗಿತು. ಬಹುತೇಕ ವೃದ್ಧರಿಗೆ ಅರ್ಜಿಯಿಲ್ಲದೆ, ಆದಾಯದ ವಿಚಾರಣೆಯಿಲ್ಲದೆ ಇದು ತಲುಪುತ್ತಿತ್ತು. ಸಿರಿವಂತರಿಗೂ ಸಿಗುತ್ತದೆ, ಬಡ ಯುವ ಕುಟುಂಬಗಳಿಗೆ ಸಿಗುವುದಿಲ್ಲ ಎಂಬ ಟೀಕೆ ಹಿಂದಿನಿಂದಲೂ ಇತ್ತು. 2024ರ ಜುಲೈನಲ್ಲಿ ಹಣಕಾಸು ಸಚಿವೆ ರೇಚೆಲ್ ರೀವ್ಸ್ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದನ್ನು ಪಿಂಚಣಿ ಪೂರಕ ನೆರವು ಮೊದಲಾದವನ್ನು ಪಡೆಯುವ ಬಡವರಿಗೆ ಸೀಮಿತಗೊಳಿಸುವುದಾಗಿ ಘೋಷಿಸಿದರು. ಒಂದು ಕೋಟಿಗೂ ಮಿಕ್ಕಿದ್ದ ಫಲಾನುಭವಿಗಳ ಸಂಖ್ಯೆ ಸುಮಾರು 15 ಲಕ್ಷಕ್ಕಿಳಿಯುವ ಅಂದಾಜಿತ್ತು. ಆದರೆ ಪಿಂಚಣಿ ಪೂರಕ ನೆರವಿಗೆ ಅರ್ಹರಾದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಅದನ್ನು ಕೇಳಿಯೇ ಇರಲಿಲ್ಲ. ಆದ್ದರಿಂದ ಅತ್ಯಂತ ಬಡವರಲ್ಲಿಯೇ ಅನೇಕರು ಎರಡೂ ನೆರವುಗಳಿಂದ ವಂಚಿತರಾಗುವಂತಾಯಿತು. ವ್ಯಾಪಕ ವಿರೋಧದ ಅನಂತರ 2025ರ ಜೂನಿನಲ್ಲಿ ಸರ್ಕಾರ ನಿಲುವು ಬದಲಿಸಿತು. ವಾರ್ಷಿಕ 35,000 ಪೌಂಡ್‌ವರೆಗೆ ಆದಾಯವುಳ್ಳ ಪಿಂಚಣಿದಾರರು ಭತ್ಯೆ ಉಳಿಸಿಕೊಳ್ಳುವಂತೆಯೂ ಅದಕ್ಕಿಂತ ಹೆಚ್ಚಿನವರಿಂದ ತೆರಿಗೆಯ ಮೂಲಕ ಹಿಂಪಡೆಯುವಂತೆಯೂ ಏರ್ಪಾಡಾಯಿತು.

ಬ್ರೆಂಡಾ ಬೋರ್ಡ್‌ಮನ್ 1991ರ ತಮ್ಮ ಗ್ರಂಥದಲ್ಲಿ 'ಇಂಧನ ಬಡತನ'ವನ್ನು ಪ್ರತ್ಯೇಕ ಸಮಸ್ಯೆಯೆಂದು ವಿವೇಚಿಸಿದರು. ಮನೆಯನ್ನು ತಕ್ಕಷ್ಟು ಬೆಚ್ಚಗಿಡಲು ಆದಾಯದ ಶೇಕಡಾ 10ಕ್ಕಿಂತ ಹೆಚ್ಚು ಬೇಕಾಗುವ ಕುಟುಂಬ ಇಂಧನ ಬಡತನದಲ್ಲಿದೆ ಎಂಬುದು ಅವರ ಮಾನದಂಡ. ಕಡಿಮೆ ಆದಾಯದಷ್ಟೇ ಶಾಖ ಸೋರುವ ಕಳಪೆ ಮನೆಯೂ ಇದಕ್ಕೆ ಕಾರಣವೆಂಬ ಅವರ ವಾದ ನೀತಿನಿರೂಪಣೆಯ ಮೇಲೆ ಆಳವಾದ ಪ್ರಭಾವ ಬೀರಿತು.

ಅಮೆರಿಕದ ಮಾದರಿ

ಅಮೆರಿಕದಲ್ಲಿ ಈ ನೆರವು 1973 ಮತ್ತು 1979ರ ತೈಲ ಬಿಕ್ಕಟ್ಟುಗಳ ಫಲ. ಬಡವರ ಮನೆಗಳ ಗೋಡೆ, ಮಾಳಿಗೆ, ಕಿಟಕಿಗಳ ಶಾಖಸೋರಿಕೆ ತಡೆಯುವ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. 1981ರ ಶಾಸನದಿಂದ ಕಡಿಮೆ ಆದಾಯದ ಮನೆಗಳ ಇಂಧನ ನೆರವಿನ ಕಾರ್ಯಕ್ರಮ ರೂಪುಗೊಂಡಿತು. 'ಲೈಹೀಪ್' ಎಂಬುದು ಇದರ ಪ್ರಚಲಿತ ಹೆಸರು. ಕೇಂದ್ರ ಸರ್ಕಾರ ರಾಜ್ಯಗಳಿಗೆ ಇಡಿಗಂಟು ಕೊಡುತ್ತದೆ. ಮೂಲನಿವಾಸಿ ಬುಡಕಟ್ಟುಗಳೂ ನೇರವಾಗಿ ಪಾಲು ಪಡೆಯಬಹುದು. ಅಧಿಕೃತ ಬಡತನ ರೇಖೆಯ ಶೇಕಡಾ 150 ಅಥವಾ ರಾಜ್ಯದ ಮಧ್ಯಮಾಂಕ ಆದಾಯದ ಶೇಕಡಾ 60, ಇವೆರಡರಲ್ಲಿ ಹೆಚ್ಚಿನದು ಅರ್ಹತೆಯ ಗರಿಷ್ಠ ಮಿತಿ. ಅದರೊಳಗೆ ನಿಯಮಗಳನ್ನು ರಾಜ್ಯವೇ ರೂಪಿಸುತ್ತದೆ. ಸಾಮಾನ್ಯವಾಗಿ ಹಣ ಕುಟುಂಬದ ಕೈಗೆ ಬರದೆ ಇಂಧನ ಪೂರೈಸುವವರಿಗೆ ಸಂದಾಯವಾಗುತ್ತದೆ.

ಈ ಕಾರ್ಯಕ್ರಮದ ಮುಖ್ಯ ಲಕ್ಷಣವೆಂದರೆ ಇದು ಹಕ್ಕಲ್ಲ. ಸಂಸತ್ತು ವರ್ಷವರ್ಷವೂ ಒಪ್ಪುವ ಅನುದಾನ ಮುಗಿದಾಗ ಅರ್ಹರಿಗೂ ನೆರವು ನಿಲ್ಲುತ್ತದೆ. ಅರ್ಹ ಕುಟುಂಬಗಳಲ್ಲಿ ಸಣ್ಣ ಪಾಲಿಗೆ ಮಾತ್ರ ಇದು ತಲುಪುತ್ತ ಬಂದಿದೆ. 2025ರ ಏಪ್ರಿಲ್ ತಿಂಗಳಲ್ಲಿ ಇದನ್ನು ನಿರ್ವಹಿಸುತ್ತಿದ್ದ ಕೇಂದ್ರ ಸಿಬ್ಬಂದಿಯನ್ನೇ ತೆಗೆದುಹಾಕಲಾಯಿತು. ಈ ಕೊರತೆಯನ್ನು ಭಾಗಶಃ ತುಂಬುವುದು ರಾಜ್ಯಗಳ ನಿಯಮಗಳು. ಮಿನೆಸೋಟದಂಥ ಚಳಿಯ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಬಾಕಿಗಾಗಿ ತಾಪನದ ಸಂಪರ್ಕ ಕಡಿತಗೊಳಿಸದಂತೆ ಬಡ ಕುಟುಂಬಗಳಿಗೆ ರಕ್ಷಣೆಯಿದೆ. ಮೇನ್ ಮೊದಲಾದ ಈಶಾನ್ಯ ರಾಜ್ಯಗಳ ಗ್ರಾಮಗಳಲ್ಲಿ 'ಸೌದೆ ಬ್ಯಾಂಕು'ಗಳಿವೆ. ಅಲ್ಲಿ ಊರವರೇ ಕೂಡಿ ಮರ ಸೀಳಿ ಒಟ್ಟಿ, ಅಗತ್ಯವುಳ್ಳವರಿಗೆ ಹಂಚುತ್ತಾರೆ. ಹಳೆಯ ಸಮುದಾಯ ರೂಢಿಯು ಆಧುನಿಕ ಕಾಲದಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿರುವುದಕ್ಕೆ ಇದು ಉತ್ತಮ ನಿದರ್ಶನ.

ತೌಲನಿಕ ವಿವೇಚನೆ

ಇತರ ಕೆಲವು ದೇಶಗಳ ಕ್ರಮಗಳನ್ನೂ ಇಲ್ಲಿ ಗಮನಿಸಬಹುದು. ಐರ್ಲೆಂಡ್ ಚಳಿಗಾಲದ 28 ವಾರಗಳ ಕಾಲ ಅರ್ಹ ಕುಟುಂಬಗಳಿಗೆ ವಾರದ ಇಂಧನ ಭತ್ಯೆ ನೀಡುತ್ತದೆ. 2024-25ರ ಚಳಿಗಾಲದಲ್ಲಿ ಅದು 33 ಯೂರೋ ಇತ್ತು. ಫ್ರಾನ್ಸ್ 2018ರಿಂದ ದೇಶದಾದ್ಯಂತ 'ಇಂಧನ ಚೆಕ್' ಕೊಡುತ್ತಿದೆ. 2013ರ ಶಾಸನದ ಪ್ರಕಾರ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಯಾವ ಮನೆಯ ವಿದ್ಯುತ್ತನ್ನೂ ಅನಿಲವನ್ನೂ ಬಾಕಿಗಾಗಿ ಕಡಿತಗೊಳಿಸುವಂತಿಲ್ಲ. ಜರ್ಮನಿಯಲ್ಲಿ 2005ರಲ್ಲಿ ಜಾರಿಗೆ ಬಂದ ಕಾನೂನಿನನ್ವಯ ಮೂಲ ಭತ್ಯೆ ಪಡೆಯುವ ಕುಟುಂಬಗಳ ಯುಕ್ತ ಪ್ರಮಾಣದ ತಾಪನ ವೆಚ್ಚವನ್ನು ಬಾಡಿಗೆಯೊಂದಿಗೆ ಸರ್ಕಾರವೇ ಭರಿಸುತ್ತದೆ.

ಈ ಎಲ್ಲ ಕ್ರಮಗಳನ್ನು ಒಟ್ಟಾಗಿ ನೋಡಿದಾಗ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಅಳತೆಯ ಪ್ರಶ್ನೆ. ಬ್ರಿಟನ್ ವಯಸ್ಸನ್ನೂ ಹವೆಯನ್ನೂ, ಅಮೆರಿಕ ಆದಾಯವನ್ನೂ, ಜರ್ಮನಿ ನಿಜವಾದ ವೆಚ್ಚವನ್ನೂ ಆಧಾರವಾಗಿಟ್ಟುಕೊಂಡಿವೆ. ಆಧಾರ ಬದಲಾದಂತೆ ಹೊರಗುಳಿಯುವವರೂ ಬದಲಾಗುತ್ತಾರೆ. ಎರಡನೆಯದು, ಖಾತರಿಯ ಪ್ರಶ್ನೆ. ಭತ್ಯೆಯನ್ನು ಶಾಸನ ಖಚಿತಪಡಿಸಿದಲ್ಲಿ ಅದನ್ನು ಕಡಿಮೆ ಮಾಡುವ ಸರ್ಕಾರ ಸಾರ್ವಜನಿಕವಾಗಿ ಉತ್ತರ ಕೊಡಬೇಕಾಗುತ್ತದೆ. 2024-25ರ ಬ್ರಿಟನ್ನಿನ ಬೆಳವಣಿಗೆ ಇದನ್ನು ತೋರಿಸಿಕೊಟ್ಟಿದೆ. ವಾರ್ಷಿಕ ಅನುದಾನವನ್ನೇ ನೆಚ್ಚಿದಲ್ಲಿ ನೆರವು ಸದ್ದಿಲ್ಲದೆ ಬತ್ತಿಹೋಗಬಹುದು. ಮೂರನೆಯದು, ಕೇಳುವ ಬಗೆಯ ಪ್ರಶ್ನೆ. ಆಡಳಿತದ ದೃಷ್ಟಿಯಿಂದ ಬಡವರನ್ನು ಮಾತ್ರ ಆರಿಸಿ ಕೊಡುವುದು ಮಿತವ್ಯಯದ ದಾರಿಯಾಗಿ ತೋರುತ್ತದೆ. ಆದರೆ ಆ ಆಯ್ಕೆ ಅರ್ಜಿಯನ್ನೂ ಬಡತನದ ರುಜುವಾತನ್ನೂ ಬಯಸುತ್ತದೆ. ಅರ್ಜಿಯ ಜಟಿಲತೆ ಮತ್ತು ಮಾಹಿತಿಯ ಕೊರತೆಗಳೊಂದಿಗೆ ಸಂಕೋಚವೂ ಸೇರಿ ಅರ್ಹರನ್ನು ದೂರವಿಡುತ್ತವೆ. ಈ ಸಂಕೋಚ ವ್ಯಕ್ತಿಗತ ದೌರ್ಬಲ್ಯವಲ್ಲ. ಅದರ ಹಿಂದೆ ಭೂಆವರಣ ಮತ್ತು ಬಡವರ ಕಾನೂನುಗಳ ಇತಿಹಾಸವಿದೆ.

ಸಂತ ಥಾಮಸನ ದಿನ ಎಸಳೊಂದನ್ನು ಹಿಡಿದು ಬಾಗಿಲಿಗೆ ಬರುತ್ತಿದ್ದ ವಿಧವೆ ತನ್ನ ಬಡತನವನ್ನು ರುಜುವಾತುಪಡಿಸಬೇಕಾಗಿರಲಿಲ್ಲ. ಆಕೆಯ ಪಾಲು ಆ ದಿನಕ್ಕೇ ಸೇರಿತ್ತು. ಆ ಗ್ರಾಮಸಮಾಜ ಸಮಾನತೆಯದಾಗಿರಲಿಲ್ಲ, ಆ ಪಾಲು ಚಳಿಗಾಲಕ್ಕೆ ಸಾಲುತ್ತಲೂ ಇರಲಿಲ್ಲ. ಹಿಂದಿನದನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಆದರೆ ನೆರವಿನ ಮೊತ್ತದಷ್ಟೇ ಅದು ತಲುಪುವ ರೀತಿಯೂ ಮುಖ್ಯವೆಂಬ ತಿಳಿವಳಿಕೆ ಆ ಆಚರಣೆಯಲ್ಲಿತ್ತು. ಉರುವಲಿನ ನೆರವನ್ನು ರೂಪಿಸುವ ಯಾವ ಪ್ರಭುತ್ವವೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.