ಬಸಿರಿನ ಆತಂಕ, ಶಿಶುವಿನ ಅಂಜಿಕೆ: ನಂಟು ಗರ್ಭದ್ದೇ?

ಬಸುರಿಯ ಮನಸ್ಸಿನ ಕಳವಳ ಮಗುವಿಗೆ ತಟ್ಟುತ್ತದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಹಳೆಯದು. ದೊಡ್ಡ ಪ್ರಮಾಣದ ದತ್ತಾಂಶದಲ್ಲಿ ಅದನ್ನು ಒರೆಗೆ ಹಚ್ಚಲು ಸಾಧ್ಯವಾದದ್ದು ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಸುಮಾರು 14,000 ಗರ್ಭಿಣಿಯರನ್ನು ಸೇರಿಸಿಕೊಂಡ ಏವನ್ ಅಧ್ಯಯನದಿಂದ. ಅದನ್ನು ಆಧರಿಸಿ ಒ'ಕಾನರ್, ಗ್ಲೋವರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಉಲ್ಲೇಖಗೊಳ್ಳುತ್ತದೆ. 32ನೇ ವಾರದಲ್ಲಿ ಆತಂಕದ ಅಂಕ ಅತಿ ಹೆಚ್ಚಿದ್ದ ಶೇ. 15ರಷ್ಟು ತಾಯಂದಿರ ಮಕ್ಕಳಿಗೆ, ನಾಲ್ಕನೇ ವಯಸ್ಸಿನ ಹೊತ್ತಿಗೆ ಭಾವನೆ ಮತ್ತು ವರ್ತನೆಯ ತೊಂದರೆ ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಇಮ್ಮಡಿಯಾಗಿತ್ತು. ಹೆರಿಗೆಯ ನಂತರದ ಖಿನ್ನತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ನಂಟು ಅಳಿಯಲಿಲ್ಲ. ಇಮ್ಮಡಿ ಎಂಬುದು ಪತ್ರಿಕೆಗಳ ತಲೆಬರಹಕ್ಕೆ ಒಗ್ಗುವ ಪದ. ಆದರೆ ಆತಂಕದ ತಾಯಂದಿರ ಬಹುಪಾಲು ಮಕ್ಕಳಿಗೆ ಯಾವ ತೊಂದರೆಯೂ ಇರಲಿಲ್ಲ ಎಂಬುದೂ ಅದೇ ಅಂಕಿಗಳ ಇನ್ನೊಂದು ಮುಖ.

ದೇಹದೊಳಗಿನ ದಾರಿಯಾಗಿ ಸಾಮಾನ್ಯವಾಗಿ ಕಾರ್ಟಿಸಾಲ್ ಹಾರ್ಮೋನನ್ನು ತೋರಿಸುತ್ತಾರೆ. ತಾಯಿಯ ಕಾರ್ಟಿಸಾಲಿನ ಬಹುಭಾಗವನ್ನು ಮಾಸಿನಲ್ಲಿರುವ ಒಂದು ಕಿಣ್ವ ನಿಷ್ಕ್ರಿಯಗೊಳಿಸುತ್ತದೆ. ಆತಂಕ ಹೆಚ್ಚಿದಾಗ ಈ ಕಿಣ್ವ ತಗ್ಗಬಹುದೆಂದು ಗ್ಲೋವರ್ ತಂಡವೇ 2012ರಲ್ಲಿ ವರದಿ ಮಾಡಿತು.

ಆದರೆ ನಂಟಿದೆ ಎಂದ ಮಾತ್ರಕ್ಕೆ ಅದು ಗರ್ಭದಲ್ಲೇ ಹುಟ್ಟಿತೆನ್ನಲು ಬಾರದು. ಮಗು ಅಂಜುಬುರುಕವೇ, ರಚ್ಚೆ ಹಿಡಿಯುತ್ತದೆಯೇ ಎಂಬ ಪ್ರಶ್ನಾವಳಿಯನ್ನು ತುಂಬುವವಳು ಅನೇಕ ಸಲ ಅದೇ ಆತಂಕಗೊಂಡ ತಾಯಿ. ಅದಕ್ಕಿಂತ ಬಿಡಿಸಲು ಕಷ್ಟವಾದ ತೊಡಕು ವಂಶವಾಹಿಯದು: ಆತಂಕಕ್ಕೆ ಒಲಿಯುವ ಸ್ವಭಾವ ತಾಯಿಯಿಂದ ಮಗುವಿಗೆ ನೇರವಾಗಿಯೇ ಇಳಿದಿರಬಹುದಲ್ಲ?

ಈ ಗಂಟನ್ನು ಬಿಡಿಸಿದ ಜಾಣ್ಮೆಯ ವಿನ್ಯಾಸ ಫ್ರಾನ್ಸಿಸ್ ರೈಸ್ ಮತ್ತು ಸಂಗಡಿಗರದು. ಅವರ ವರದಿ ಬಂದದ್ದು 2010ರಲ್ಲಿ. ಪ್ರನಾಳ ಶಿಶು ವಿಧಾನದಿಂದ ಹುಟ್ಟಿದ ಮಕ್ಕಳನ್ನು ಅವರು ಎರಡು ಗುಂಪು ಮಾಡಿದರು: ತಾಯಿಯ ಅಂಡದಿಂದಲೇ ಬಂದವರು ಒಂದು ಕಡೆ, ಬೇರೆಯವರು ದಾನವಿತ್ತ ಅಂಡ ಅಥವಾ ಭ್ರೂಣದಿಂದ ಬಂದವರು ಇನ್ನೊಂದು ಕಡೆ. ಎರಡನೆಯ ಗುಂಪಿನಲ್ಲಿ ಹೊತ್ತವಳಿಗೂ ಮಗುವಿಗೂ ವಂಶವಾಹಿಯ ಸಂಬಂಧವಿಲ್ಲ, ಗರ್ಭದ ಸಂಬಂಧವಷ್ಟೇ. ಬಸಿರಿನ ಒತ್ತಡಕ್ಕೂ ಜನನ ತೂಕಕ್ಕೂ ಇರುವ ನಂಟು ಎರಡೂ ಗುಂಪುಗಳಲ್ಲಿ ಕಂಡಿತು. ಅದನ್ನು ಗರ್ಭದ ಪ್ರಭಾವವೆನ್ನಲು ಅಡ್ಡಿಯಿಲ್ಲ. ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ನಂಟು ಕಂಡದ್ದು ವಂಶವಾಹಿ ಹಂಚಿಕೊಂಡ ಜೋಡಿಗಳಲ್ಲಿ ಮಾತ್ರ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಮಕ್ಕಳ ಆತಂಕದ ಲಕ್ಷಣ. ಅದು ಎರಡೂ ಗುಂಪುಗಳಲ್ಲಿ ಕಂಡರೂ, ತಾಯಿಯ ಈಗಿನ ಆತಂಕ ಮತ್ತು ಖಿನ್ನತೆಯನ್ನು ಲೆಕ್ಕಕ್ಕೆ ತಂದಾಗ ಬಸಿರಿನ ಪಾಲು ಬಹುತೇಕ ಕರಗಿತು. ಒತ್ತಡವನ್ನು ತಾಯಂದಿರು ವರ್ಷಗಳ ನಂತರ ನೆನಪಿನಿಂದ ಹೇಳಿದ್ದು ಈ ಅಧ್ಯಯನದ ದೌರ್ಬಲ್ಯ, ನಿಜ. ಆದರೂ ಒಂಬತ್ತು ತಿಂಗಳನ್ನೇ ದೂರುವ ವಾದಕ್ಕೆ ಇದು ಗಟ್ಟಿ ತಡೆ ಎಂದೇ ನನ್ನ ಎಣಿಕೆ.

ಹೆತ್ತ ಮೇಲಿನ ದಿನಗಳ ತೂಕವನ್ನು ಇಂಗ್ಲೆಂಡಿನ ವಿರಲ್ ಅಧ್ಯಯನವೂ ತೋರಿಸುತ್ತದೆ. ಮೊದಲ ವಾರಗಳಲ್ಲಿ ಮಗುವಿನ ಬೆನ್ನು, ಹೊಟ್ಟೆ, ಕೈಕಾಲುಗಳನ್ನು ತಾಯಿ ಹೆಚ್ಚು ಸವರುತ್ತಿದ್ದಲ್ಲಿ, ಬಸಿರಿನ ಖಿನ್ನತೆಗೂ ಶಿಶುವಿನ ಭಾವನೆಗಳ ಏರುಪೇರಿಗೂ ಇದ್ದ ನಂಟು ಸಡಿಲವಾಗಿತ್ತು. ಇದನ್ನು ಓದಿದ ಕೂಡಲೇ ನಮಗೆ ಬಾಣಂತನದ ಎಣ್ಣೆನೀರು ನೆನಪಾಗುವುದು ಸಹಜ. ಅವಸರ ಬೇಡ: ವಿರಲ್‌ನಲ್ಲಿ ಕೇಳಿದ್ದು ತಾಯಿ ಸ್ವತಃ ಸವರುವುದನ್ನು, ನಮ್ಮಲ್ಲಿ ಮಗುವಿಗೆ ಎಣ್ಣೆ ತಿಕ್ಕಿ ನೀರೆರೆಯುವುದು ಹೆಚ್ಚಾಗಿ ಅಜ್ಜಿ, ಇಲ್ಲವೇ ಅದಕ್ಕೆಂದೇ ಬರುವ ಹೆಂಗಸು.

ನಮ್ಮ ಭಾಗದ ಪುರಾವೆಯೂ ಇದೆ. ದಕ್ಷಿಣ ಭಾರತದ ಗ್ರಾಮೀಣ ತಾಯಂದಿರನ್ನು ಕುರಿತು ಫರ್ನಾಂಡಿಸ್, ಶ್ರೀನಿವಾಸನ್ ಮತ್ತಿತರರು ನಡೆಸಿದ ಅಧ್ಯಯನದಲ್ಲಿ, ಬಸಿರಿನಲ್ಲಿ ಖಿನ್ನತೆಯಿದ್ದವರ ಶಿಶುಗಳಲ್ಲಿ ಲಸಿಕೆಯ ಚುಚ್ಚಿಗೆ ಕಾರ್ಟಿಸಾಲಿನ ಪ್ರತಿಕ್ರಿಯೆ ಹೆಚ್ಚಿತ್ತು. ಪ್ರಶ್ನಾವಳಿಯ ಬದಲು ಮಗುವಿನ ದೇಹದಲ್ಲೇ ಅಳೆದದ್ದು ಇದರ ಬಲ. ಆದರೆ ಅಳೆದದ್ದು ಖಿನ್ನತೆಯ ಜೊತೆಗಿನ ನಂಟನ್ನು, ಆತಂಕದ್ದನ್ನಲ್ಲ. ಎಳೆಗೂಸಿನ ಕಾರ್ಟಿಸಾಲ್ ಏರಿದ್ದನ್ನೇ ಮುಂದಿನ ಅಂಜುಬುರುಕತನವೆಂದು ಓದುವಂತೆಯೂ ಇಲ್ಲ. ಅದಕ್ಕೆ ಅದೇ ಮಕ್ಕಳನ್ನು ಶಾಲೆಯ ವಯಸ್ಸಿನವರೆಗೆ ಹಿಂಬಾಲಿಸಿ, ನಡುವೆ ತಾಯಿಯ ಮನಃಸ್ಥಿತಿಯನ್ನೂ ಮತ್ತೆ ಮತ್ತೆ ಅಳೆಯಬೇಕಾಗುತ್ತದೆ.